ನಮ್ಮ ಬಾಡಿಗೆ ಮನೆಗೆ ಹಿಂಬಾಗಿಲೇ ಇಲ್ಲ! ವಿಕ್ಟೋರಿಯಾ ಕಾಲದವರು ಇಂಥ ಮನೆಯಲ್ಲಿ ಹೇಗಿದ್ದರು?

ಲೀಡ್ಸ್_ಲಲಿತೆ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎಂಟು ತಿಂಗಳಾಯಿತು. ಹೋದ ತಿಂಗಳು ಹೊಸ ಬಾಡಿಗೆ ಮನೆ ಹಿಡಿದೆವು. ಮನೆ ತೋರಿಸಿದ ಏಜೆಂಟ್ "ಇದು ಪಕ್ಕಾ ವಿಕ್ಟೋರಿಯನ್ ಮನೆ" ಎಂದು ಮೂರು ಸಲ ಹೇಳಿದ, ಅಂದರೆ ವಿಕ್ಟೋರಿಯಾ ರಾಣಿ ಆಳಿದ 1837–1901ರ ನಡುವೆ ಕಟ್ಟಿದ್ದು. ನನ್ನ ತಲೆಯಲ್ಲಿ ವಿಕ್ಟೋರಿಯನ್ ಅಂದರೆ ಸೀರಿಯಲ್‌ನಲ್ಲಿ ಬರುವ ದೊಡ್ಡ ಬಂಗಲೆ, ಪಿಯಾನೊ, ಟ್ರೇ ಹಿಡಿದು ನಿಂತ ಬಟ್ಲರ್.

ಬಂದು ನೋಡಿದರೆ ಕೆಳಗೆ ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಅದರ ಮೇಲೆ ಒಂದು ಕೋಣೆ, ಅದರ ಮೇಲೆ ಅಟ್ಟದಲ್ಲಿ ಇನ್ನೊಂದು. ಬಾಗಿಲು ಒಂದೇ, ಅದೂ ನೇರ ರಸ್ತೆಗೆ. ಹಿತ್ತಲಿಲ್ಲ, ಹಿಂಬಾಗಿಲಿಲ್ಲ, ಹಿಂದಿನ ಗೋಡೆಗೆ ಕಿಟಕಿಯೂ ಇಲ್ಲ. ಆ ಗೋಡೆಯ ಆಚೆ ಇನ್ನೊಬ್ಬರ ಮನೆ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಮೂರು ಕಡೆಯೂ ನೆರೆಯವರೇ. ಹಿಂದಿನ ಮನೆಯವರು ಸೀನಿದರೆ ನಮ್ಮತ್ತೆ ಫೋನಿನಲ್ಲೇ "ಯಾರಿಗಮ್ಮ ನೆಗಡಿ?" ಅಂತಾರೆ.

ನೆಲಮಾಳಿಗೆ ಒಂದಿದೆ. ಅಲ್ಲಿ ಗೋಡೆಗೆ ಒತ್ತಿಸಿ ಸೊಂಟದೆತ್ತರಕ್ಕೆ ದಪ್ಪ ಕಲ್ಲಿನ ಚಪ್ಪಡಿ ಕೂರಿಸಿದ್ದಾರೆ. ರಸ್ತೆ ಕಡೆಯಿಂದ ಒಂದು ಕಿಂಡಿ. ಮಲಗುವ ಕೋಣೆಯಲ್ಲೂ ಪುಟ್ಟ ಬೆಂಕಿಗೂಡು, ಈಗ ಹಲಗೆ ಹೊಡೆದು ಮುಚ್ಚಿದ್ದಾರೆ.

ಇದು ಆ ಕಾಲದ ಬಡವರ ಮನೆಯೋ, ಮಧ್ಯಮ ವರ್ಗದ್ದೋ? ಇಷ್ಟರಲ್ಲಿ ಎಷ್ಟು ಜನ ಇರುತ್ತಿದ್ದರು? ಸ್ನಾನ, ಕಕ್ಕಸು, ಬಟ್ಟೆ ಒಗೆಯುವುದು ಎಲ್ಲಿ? ಗೊತ್ತಿದ್ದವರು ಹೇಳಿ.

ಸುಮ್ನೆ_ಓದೋನು:
ಮೂರು ಕಡೆ ಪಕ್ಕದ ಮನೆ ಅಂದರೆ ಹೀಟರ್ ಬಿಲ್ ಕಮ್ಮಿ. ಖುಷಿ ಪಡಿ.

ಬರ್ಮಿಂಗ್‌ಹ್ಯಾಮ್_ಬಿಸಿಬೇಳೆ:
ಲಲಿತಾ ಅವರೇ, ಇದಕ್ಕೆ ಬ್ಯಾಕ್ ಟು ಬ್ಯಾಕ್ ಮನೆ ಅಂತಾರೆ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗೆ. ನಮ್ಮೂರಲ್ಲಿ ಇಂಥವು ಸಾವಿರಾರು ಇದ್ದವು, ಹೆಚ್ಚುಕಮ್ಮಿ ಎಲ್ಲ ಕೆಡವಿಬಿಟ್ಟರು. ಹರ್ಸ್ಟ್ ಸ್ಟ್ರೀಟ್ ಮತ್ತು ಇಂಗ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಒಂದು ಗುಂಪು ಮಾತ್ರ ಉಳಿದಿದೆ. ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನವರು ದುರಸ್ತಿ ಮಾಡಿಸಿ 2004ರಿಂದ ಜನರಿಗೆ ತೋರಿಸುತ್ತಿದ್ದಾರೆ. ಹೋಗಿ ಬನ್ನಿ, ಮೊದಲೇ ಬುಕ್ ಮಾಡಬೇಕು.

ನಾನು ಹೋಗಿದ್ದೆ. ಮೆಟ್ಟಿಲು ಎಷ್ಟು ಕಿರಿದು ಅಂದರೆ ನಮ್ಮ ಯಜಮಾನರು ಅಡ್ಡಡ್ಡ ಹತ್ತಿದರು. ಒಂದೇ ಮಂಚದಲ್ಲಿ ನಾಲ್ಕು ಮಕ್ಕಳು, ಇಬ್ಬರ ತಲೆ ಈ ಕಡೆ, ಇಬ್ಬರ ತಲೆ ಆ ಕಡೆ. ನಡುವೆ ಒಂದು ಪರದೆ, ಪರದೆಯ ಆಚೆ ಹೊರಗಿನವರು! ಬಾಡಿಗೆ ಹೊಂದಿಸಲು ಮಂಚವನ್ನೂ ಬಾಡಿಗೆಗೆ ಕೊಡುತ್ತಿದ್ದರಂತೆ. ಅಂಗಳದಲ್ಲಿ ಎಲ್ಲ ಮನೆಗೂ ಸೇರಿ ಕಕ್ಕಸು, ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಮನೆ. ಯಾರ ಸರದಿ ಯಾವ ದಿನ ಅಂತ ಜಗಳ ಆಗದೆ ಇರುತ್ತಾ?

ಮಾಲೂರು_ಮಂಜು:
ಹಿಂದಿನ ಗೋಡೆಗೆ ಕಿಟಕಿ ಇಲ್ಲದ್ದು ಕಿಟಕಿ ತೆರಿಗೆ ತಪ್ಪಿಸಲಿಕ್ಕೆ. ಆಗ ಕಿಟಕಿಗೆಲ್ಲ ತೆರಿಗೆ ಇತ್ತು.

ಇತಿಹಾಸ_ಇಷ್ಟ:
ಮಂಜು, ತೆರಿಗೆ ಇದ್ದದ್ದು ನಿಜ. 1696ರಲ್ಲಿ ಬಂತು, 1851ರಲ್ಲಿ ಹೋಯಿತು. ಆದರೆ ಇಲ್ಲಿ ಕಿಟಕಿ ಇಡಲು ಜಾಗವೇ ಇಲ್ಲವಲ್ಲ ಮಾರಾಯ, ಆಚೆ ಬೇರೆಯವರ ಅಡುಗೆಮನೆ!

ಲಲಿತಾ ಅವರೇ, ಲೀಡ್ಸ್ ಕಥೆ ಬರ್ಮಿಂಗ್‌ಹ್ಯಾಮ್‌ನಂತಲ್ಲ. ಮೊದಮೊದಲು ಉದ್ದಕ್ಕೂ ಬಿಡುವಿಲ್ಲದೆ ಕಟ್ಟುತ್ತಿದ್ದರು. 1866ರಲ್ಲಿ ಲೀಡ್ಸ್‌ಗೆ ಅಂತಲೇ ಒಂದು ಕಾಯ್ದೆ ಬಂತು. ಒಂದು ಗುಂಪಿನಲ್ಲಿ ಎಂಟೇ ಮನೆ ಇರಬೇಕು (ಈ ಸಾಲಿನಲ್ಲಿ ನಾಲ್ಕು, ಬೆನ್ನಿನ ಸಾಲಿನಲ್ಲಿ ನಾಲ್ಕು), ಆಮೇಲೆ ಜಾಗ ಬಿಡಬೇಕು ಅಂತ. ಆ ಜಾಗದಲ್ಲಿ ಕಕ್ಕಸುಗಳನ್ನು ಕಟ್ಟಿದರು. ಇನ್ನೂ ಆಮೇಲೆ ಬಂದ ಮನೆಗಳಿಗೆ ಮುಂದೆ ಪುಟ್ಟ ಕೈತೋಟ, ನೆಲಮಾಳಿಗೆಯಲ್ಲಿ ಸ್ವಂತ ಕಕ್ಕಸು. 1909ರಲ್ಲಿ ಇಡೀ ದೇಶದಲ್ಲಿ ಇಂಥ ಮನೆ ಕಟ್ಟಬಾರದು ಅಂದರು. ಲೀಡ್ಸ್‌ನವರು ಬಿಟ್ಟರಾ? ಮೊದಲೇ ಒಪ್ಪಿಗೆ ಸಿಕ್ಕಿದ ನಕ್ಷೆ ಇದೆ ಅಂತ 1937ರವರೆಗೂ ಕಟ್ಟಿದರು. ಹಾಗಾಗಿ ಏಜೆಂಟ್ ಮಾತು ನಂಬಬೇಡಿ. ನಿಮ್ಮ ಸಾಲಿನಲ್ಲಿ ನಾಲ್ಕು ಮನೆ ಆದ ಮೇಲೆ ಖಾಲಿ ಜಾಗ ಇದೆಯಾ ನೋಡಿ.

ಆ ಕಿಂಡಿ ಕಲ್ಲಿದ್ದಲು ಸುರಿಯಲಿಕ್ಕೆ. ಕಲ್ಲಿನ ಚಪ್ಪಡಿ ಹಾಲು, ಬೆಣ್ಣೆ, ಮಾಂಸ ತಣ್ಣಗಿಡಲಿಕ್ಕೆ. ಅದೇ ಅವರ ಫ್ರಿಜ್.

ಲೀಡ್ಸ್_ಲಲಿತೆ:
ಈಗಷ್ಟೇ ಕೋಟು ಹಾಕಿಕೊಂಡು ಹೋಗಿ ಎಣಿಸಿ ಬಂದೆ. ನಾಲ್ಕು ಮನೆ, ಆಮೇಲೆ ಒಂದು ಕಿಷ್ಕಿಂಧೆಯಂಥ ಅಂಗಳ! ಈಗ ಅಲ್ಲಿ ಕಸದ ಡಬ್ಬಿಗಳು. ನಮಗೆ ಸ್ನಾನದ ಮನೆ ಮಾಡಿರುವುದು ಮೇಲಿನ ಕೋಣೆಯಲ್ಲಿ ಒಂದು ತುಂಡು ಕತ್ತರಿಸಿ.

ಚಪ್ಪಡಿ ತಣ್ಣಗಿಡಲಿಕ್ಕೆ ಅಂತ ಮೊದಲೇ ಹೇಳಬಾರದಿತ್ತಾ? ನಾನು ಅದರ ಮೇಲೆ ದೋಸೆ ಹಿಟ್ಟು ಇಟ್ಟು ಮೂರು ದಿನ ಕಾದೆ. ಉಬ್ಬಲೇ ಇಲ್ಲ.

ಸುಮ್ನೆ_ಓದೋನು:
😂😂 ಫ್ರಿಜ್ಜಿನಲ್ಲಿ ಹಿಟ್ಟು ಇಟ್ಟು ಉಬ್ಬಲಿಲ್ಲ ಅಂದರೆ!

ಇತಿಹಾಸ_ಇಷ್ಟ:
ನಾಲ್ಕು ಮನೆ, ಆಮೇಲೆ ಅಂಗಳ ಅಂದರೆ 1866ರ ನಂತರದ್ದು. ಹಾಗಿದ್ದರೆ ಇದು ಕಡುಬಡವರ ಮನೆ ಅಲ್ಲ. ವಾರವಾರ ಸಂಬಳ ಬರುವ ಕೆಲಸಗಾರನದು. ಎಂಜಿನಿಯರಿಂಗ್ ಕಾರ್ಖಾನೆಯ ಮೆಕ್ಯಾನಿಕ್, ದರ್ಜಿ, ಹೀಗೆ. ಆ ಕಾಲಕ್ಕೆ ಇದು ಮರ್ಯಾದಸ್ಥರ ಮನೆ.

ರಾಯಚೂರು_ರಗಡ್:
ಕ್ಷಮಿಸಿ, ಇದು ಒಪ್ಪಲಾಗದು. ಎಂಟು ಮನೆಯವರು ಬೀದಿ ಬದಿಯ ಕಕ್ಕಸು ಹಂಚಿಕೊಳ್ಳುವುದು ಮರ್ಯಾದಸ್ಥರ ಬದುಕಾ? ಬಡವ ಅಂದರೆ ಬಡವ. ಅದರಲ್ಲಿ ಗ್ರೇಡ್ ಯಾಕೆ?

ಇತಿಹಾಸ_ಇಷ್ಟ:
ಗ್ರೇಡ್ ಇತ್ತು ಸಾರ್, ಆ ಜನರೇ ಮಾಡಿಕೊಂಡಿದ್ದರು. ಹೊಸ್ತಿಲ ಮೆಟ್ಟಿಲನ್ನು ದಿನಾ ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುವ ಮನೆ ಬೇರೆ, ಉಜ್ಜದ ಮನೆ ಬೇರೆ. ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಇದಕ್ಕೆ ಡಾಂಕಿ ಸ್ಟೋನ್ ಅಂತ ಒಂದು ಕಲ್ಲೇ ಮಾರುತ್ತಿದ್ದರು. ಇದ್ದುದರಲ್ಲೇ ಒಂದು ಕೋಣೆಯನ್ನು ಪಾರ್ಲರ್, ಅಂದರೆ ಬೈಠಕ್ ಕೋಣೆ ಮಾಡಿ ಭಾನುವಾರ ಬಿಟ್ಟು ಯಾರನ್ನೂ ಕೂರಿಸದ ಕುಟುಂಬಗಳೂ ಇದ್ದವು.

ಇವರಿಗಿಂತ ಕೆಳಗೆ ಏನಿತ್ತು ಕೇಳಿ. ಲಿವರ್‌ಪೂಲ್, ಮ್ಯಾಂಚೆಸ್ಟರ್‌ನಲ್ಲಿ ಸಾವಿರಾರು ಜನ ನೆಲಮಾಳಿಗೆಯಲ್ಲೇ ಸಂಸಾರ ಮಾಡುತ್ತಿದ್ದರು. ಲಲಿತಾ ಅವರು ಹಿಟ್ಟು ಇಟ್ಟರಲ್ಲ, ಅಂಥ ಜಾಗದಲ್ಲಿ. ಜನರ ಆರೋಗ್ಯದ ಸುಧಾರಣೆಗೆ ಓಡಾಡಿದ ಎಡ್ವಿನ್ ಚಾಡ್ವಿಕ್ 1842ರ ವರದಿಯಲ್ಲಿ ಲಿವರ್‌ಪೂಲ್‌ನ ಲೆಕ್ಕ ಕೊಟ್ಟ. ಸಾಯುವಾಗಿನ ಸರಾಸರಿ ವಯಸ್ಸು ಉಳ್ಳವರಿಗೆ 35, ಕೂಲಿಯವರಿಗೆ 15.

ಸುಮ್ನೆ_ಓದೋನು:
15ಕ್ಕೇ ಎಲ್ಲ ಸತ್ತರೆ ಕೂಲಿ ಮಾಡಿದ್ದು ಯಾರು?

ಅಂಕಿ_ಸಂಖ್ಯೆ:
ಅದು ಸರಾಸರಿ ಗುರು. ಹಸುಗೂಸುಗಳು ಸತ್ತು ಸರಾಸರಿ ಕೆಳಗೆ ಎಳೆಯುತ್ತವೆ. ಐದು ವರ್ಷ ದಾಟಿದವರು ಐವತ್ತು, ಅರವತ್ತು ಮುಟ್ಟುವುದೂ ಇತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ 1000 ಮಕ್ಕಳಲ್ಲಿ ಸುಮಾರು 150 ಮಕ್ಕಳು ಮೊದಲ ಹುಟ್ಟುಹಬ್ಬ ನೋಡುತ್ತಿರಲಿಲ್ಲ. ಶತಮಾನ ಮುಗಿಯುವವರೆಗೂ ಇದು ಇಳಿಯಲಿಲ್ಲ. ಬಡವರ ಕೇರಿಗಳಲ್ಲಿ ಇನ್ನೂ ಜಾಸ್ತಿ.

ಮತ್ತೆ ಬಡವರು ಎಷ್ಟು ಅಂತ ರಗಡ್ ಸಾಹೇಬರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಚಾರ್ಲ್ಸ್ ಬೂತ್ ಎಂಬ ವ್ಯಾಪಾರಿ 1880ರ ದಶಕದಲ್ಲಿ ಲಂಡನ್ನಿನ ಸಮೀಕ್ಷೆ ಶುರು ಮಾಡಿ ಬೀದಿಬೀದಿಗೆ ಬಣ್ಣ ಹಚ್ಚಿ ನಕ್ಷೆ ಮಾಡಿದ. ಹಳದಿ ಅಂದರೆ ಸಿರಿವಂತರು, ಕಪ್ಪು ಅಂದರೆ ತೀರಾ ಕೆಳಗಿನವರು. ಲಂಡನ್ನಿನ 30.7 ಶೇಕಡಾ ಜನ ಬಡತನದಲ್ಲಿದ್ದರು. ನಿಮ್ಮ ಲೀಡ್ಸ್ ಪಕ್ಕದ ಯಾರ್ಕ್‌ನಲ್ಲಿ ಸೀಬೋಮ್ ರೌಂಟ್ರಿ 1899ರಲ್ಲಿ ಮಾಡಿದ ಸಮೀಕ್ಷೆಯಲ್ಲಿ 27.84. ಜಗತ್ತಿನ ಅತಿ ಸಿರಿವಂತ ದೇಶ, ನೆನಪಿರಲಿ.

ಗ್ಲಾಸ್ಗೋ_ಗೌಡ:
ನಮ್ಮ ಗ್ಲಾಸ್ಗೋ ಕಥೆ ಕೇಳಿ. ಇಲ್ಲಿ ಒಂದೇ ಕೋಣೆಯ ಮನೆಗೆ ಸಿಂಗಲ್ ಎಂಡ್ ಅಂತ ಹೆಸರು. ಗೋಡೆಯೊಳಗೆ ಗೂಡು ಮಾಡಿ ಅದರಲ್ಲೇ ಮಂಚ. 1860ರ ದಶಕದಲ್ಲಿ ನಗರಸಭೆಯವರು ಸಣ್ಣ ಮನೆಗಳ ಬಾಗಿಲಿಗೆ ತಗಡಿನ ಚೀಟಿ ಹೊಡೆದರು, ಇದರಲ್ಲಿ ಇಷ್ಟೇ ಜನ ಮಲಗಬೇಕು ಅಂತ. ಮಕ್ಕಳಿಗೆ ಅರ್ಧ ಲೆಕ್ಕ, ನಮ್ಮ ಕೆಂಪು ಬಸ್ಸಿನ ಅರ್ಧ ಟಿಕೆಟ್ ಥರ. ನಡುರಾತ್ರಿ ಇನ್‌ಸ್ಪೆಕ್ಟರ್ ಬಂದು ಬಾಗಿಲು ಬಡಿದು ತಲೆ ಎಣಿಸುತ್ತಿದ್ದ. ಹೆಚ್ಚುವರಿ ಜನ ಕಪಾಟಿನೊಳಗೆ, ಮಾಡಿನ ಮೇಲೆ ಅಡಗುತ್ತಿದ್ದರು. ಆ ಚಳಿಯಲ್ಲಿ ಮಾಡಿನ ಮೇಲೆ!

ಶಾರದಮ್ಮ_ಬಸವನಗುಡಿ:
ಬಡವರ ಕಥೆ ಕೇಳಿ ಹೊಟ್ಟೆ ಉರಿಯಿತು. ದೊಡ್ಡ ಮನೆಯವರ ಕಥೆಯನ್ನೂ ಯಾರಾದರೂ ಹೇಳಿ. ಕೆಲಸದವರು ಎಷ್ಟು ಜನ? ನಮ್ಮನೆಗೆ ಬರುವವಳು ವಾರಕ್ಕೆ ಮೂರು ದಿನ ಚಕ್ಕರ್.

ಪುಸ್ತಕಹುಳು:
ಶಾರದಮ್ಮನವರೇ, ಅದಕ್ಕೂ ಲೆಕ್ಕ ಇದೆ. ಇಸಬೆಲ್ಲಾ ಬೀಟನ್ ಎಂಬಾಕೆ 1861ರಲ್ಲಿ ಮನೆವಾರ್ತೆಯ ಬಗ್ಗೆ ಇಟ್ಟಿಗೆಯಂಥ ಪುಸ್ತಕ ತಂದಳು. ಆಗ ಅವಳಿಗೆ ಇಪ್ಪತ್ತೈದು. ಇಪ್ಪತ್ತೆಂಟಕ್ಕೆ ಹೆರಿಗೆಯಾದ ಮೇಲೆ ಜ್ವರ ಬಂದು ತೀರಿಕೊಂಡಳು. ವರ್ಷಕ್ಕೆ 1000 ಪೌಂಡ್ ಬರುವ ಮನೆಗೆ ಅಡುಗೆಯವಳು, ಇಬ್ಬರು ಮನೆಗೆಲಸದವರು, ಮಕ್ಕಳನ್ನು ನೋಡಿಕೊಳ್ಳುವವಳು, ಒಬ್ಬ ಗಂಡಾಳು ಬೇಕು ಎಂದು ಅವಳ ಲೆಕ್ಕ. 150–200 ಪೌಂಡ್ ಬರುವವರಿಗೆ ಒಬ್ಬಳೇ ಹುಡುಗಿ, ಎಲ್ಲ ಕೆಲಸಕ್ಕೂ ಅವಳೇ. ಅವಳ ಸಂಬಳ ವರ್ಷಕ್ಕೆ 9ರಿಂದ 14 ಪೌಂಡ್. ಊಟ, ಮಲಗಲು ಜಾಗ ಉಂಟು. ಜಾಗ ಅಂದರೆ ಅಟ್ಟ, ಇಲ್ಲವೇ ಅಡುಗೆಮನೆ.

ಇನ್ನೊಂದು ಮಾತು. ಕೆಲಸದವಳನ್ನು ಇಟ್ಟುಕೊಂಡವರೆಲ್ಲ ಸಿರಿವಂತರಲ್ಲ. ಗುಮಾಸ್ತ, ಅಂಗಡಿಯವನು, ಎಲ್ಲರಿಗೂ ಒಬ್ಬಳು ಬೇಕಿತ್ತು. 1851ರ ಗಣತಿಯಲ್ಲಿ ಮನೆಗೆಲಸದವರು ಸುಮಾರು 10 ಲಕ್ಷ. ಹುಡುಗಿಯರು ಹತ್ತು–ಹನ್ನೆರಡು ವರ್ಷಕ್ಕೇ ಹೋಗುತ್ತಿದ್ದರು.

ಶಾರದಮ್ಮ_ಬಸವನಗುಡಿ:
ಹತ್ತು ವರ್ಷದ ಕೂಸಾ? ಅಯ್ಯೋ ಶಿವನೇ.

ಪುಸ್ತಕಹುಳು:
ಹ್ಯಾನಾ ಕಲ್ವಿಕ್ ಅಂತ ಒಬ್ಬಳಿದ್ದಳು. 1833ರಲ್ಲಿ ಹುಟ್ಟಿದವಳು, ಎಂಟನೇ ವಯಸ್ಸಿಗೇ ಕೆಲಸಕ್ಕೆ ಸೇರಿದವಳು. ಅವಳು ಬರೆದ ದಿನಚರಿಗಳು ಉಳಿದಿವೆ. ಓದಿದರೆ ಸೊಂಟ ನೋಯುತ್ತದೆ. ಬೆಳಗ್ಗೆ ಎದ್ದು ಕಿಟಕಿ ಬಾಗಿಲು ತೆರೆದು ಒಲೆ ಹಚ್ಚಬೇಕು. ಬೂದಿ ತೆಗೆದು ಕಬ್ಬಿಣದ ಒಲೆಗೆ ಗ್ರಾಫೈಟ್ ಪುಡಿ ತಿಕ್ಕಿ ಹೊಳೆಸಬೇಕು. ಆಮೇಲೆ ಬೂಟುಗಳ ಸಾಲು. ಮಂಡಿಯೂರಿ ಹೊಸ್ತಿಲು, ಮೆಟ್ಟಿಲು, ನಡುಮನೆ. ಚಾಕುಗಳನ್ನು ಉಜ್ಜಬೇಕು, ಆಗ ತುಕ್ಕು ಹಿಡಿಯದ ಉಕ್ಕು ಇರಲಿಲ್ಲ. ಕೋಳಿ ಪುಕ್ಕ ಕೀಳಬೇಕು. ನಡುವೆ ಗಂಟೆ ಬಾರಿಸಿದರೆ ಕೈ ತೊಳೆದು ಓಡಬೇಕು. ಕೈ ಎಷ್ಟು ಒರಟು ಅಂತ ಅವಳಿಗೇ ಒಂದು ಹೆಮ್ಮೆ. 1873ರಲ್ಲಿ ಆರ್ಥರ್ ಮನ್ಬಿ ಎಂಬ ಸಾಹೇಬನನ್ನು ಗುಟ್ಟಾಗಿ ಮದುವೆಯಾದಳು. ಆಮೇಲೂ ಅವನ ಮನೆಯಲ್ಲಿ ಕೆಲಸದವಳ ಥರವೇ ಇದ್ದಳು.

ಮಾಲೂರು_ಮಂಜು:
ಮದುವೆಯಾಗಿ ಕೆಲಸದವಳ ಥರ ಇರೋದು ನಮ್ಮೂರಲ್ಲೂ ಇದೆ ಬಿಡಿ.

ಶಾರದಮ್ಮ_ಬಸವನಗುಡಿ:
ಮಂಜು, ಇದನ್ನು ನಿನ್ನ ಹೆಂಡತಿಗೆ ತೋರಿಸಲಾ?

ಮಾಲೂರು_ಮಂಜು:
ಬೇಡ ಶಾರದಮ್ಮ 🙏

ಮೆಕ್ಯಾನಿಕ್_ಮುರಳಿ:
ನನಗೆ ಮಜಾ ಅನಿಸಿದ್ದು ಸ್ನಾನ. ದೊಡ್ಡ ಬಂಗಲೆಗಳಿಗೆ ಕೊಳಾಯಿ ಹಾಕಿಸುವಷ್ಟು ದುಡ್ಡಿತ್ತು, ಆದರೂ ಎಷ್ಟೋ ಮನೆಗಳಲ್ಲಿ ಸ್ನಾನದ ಕೋಣೆಯೇ ಇರಲಿಲ್ಲ. ಮಲಗುವ ಕೋಣೆಯ ಬೆಂಕಿ ಮುಂದೆ ತಗಡಿನ ತೊಟ್ಟಿ ಇಟ್ಟು, ಕೆಳಗಿನ ಅಡುಗೆಮನೆಯಿಂದ ಬಿಸಿನೀರು ಹೊರಿಸುತ್ತಿದ್ದರು. ಸ್ನಾನ ಆದ ಮೇಲೆ ಅದೇ ನೀರನ್ನು ಕೆಳಗೆ ಹೊರಬೇಕು. ಕೈಗೆ ಸಸ್ತಾ ಆಳು ಸಿಗುವಾಗ ಪೈಪ್ ಯಾಕೆ ಅಂತ ಲೆಕ್ಕ. ಬಡವರ ಮನೆಯಲ್ಲೂ ಅದೇ ತಗಡಿನ ತೊಟ್ಟಿ, ವಾರಕ್ಕೊಮ್ಮೆ, ಒಲೆ ಮುಂದೆ. ಒಂದೇ ನೀರಿನಲ್ಲಿ ಒಬ್ಬರಾದ ಮೇಲೆ ಒಬ್ಬರು.

ಅದೇ ಹೊತ್ತಿಗೆ ನಾರ್ಥಂಬರ್‌ಲ್ಯಾಂಡ್‌ನ ಕ್ರಾಗ್‌ಸೈಡ್ ಬಂಗಲೆಯಲ್ಲಿ ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರ್ ಸಾಹುಕಾರ ಕೆರೆ ನೀರಿನಿಂದ ಕರೆಂಟ್ ತೆಗೆದ. 1880ರಲ್ಲಿ ಜೋಸೆಫ್ ಸ್ವಾನ್ ಮಾಡಿದ ಬಲ್ಬ್ ಉರಿಸಿದ. ಬಡವರಿಗೆ ಮೋಂಬತ್ತಿ, ಎಣ್ಣೆ ದೀಪ. 1890ರ ದಶಕದಲ್ಲಿ ಕಾಸು ಹಾಕುವ ಗ್ಯಾಸ್ ಮೀಟರ್ ಬಂತು. ಒಂದು ಪೆನ್ನಿ ಹಾಕಿದರೆ ಒಂದಿಷ್ಟು ಗ್ಯಾಸ್.

ಲೀಡ್ಸ್_ಲಲಿತೆ:
ನಮ್ಮನೆಯಲ್ಲಿ ಈಗಲೂ ಪ್ರೀಪೇಯ್ಡ್ ಮೀಟರ್ ಇದೆ ಮುರಳಿ ಅವರೇ. ಮೊನ್ನೆ ರಾತ್ರಿ ದುಡ್ಡು ಮುಗಿದು ಸಾರು ಅರ್ಧ ಕುದ್ದಿತ್ತು.

ನೀಲಿ_ಗಂಜಿ:
ಬಟ್ಟೆ ಒಗೆಯುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಗಂಡಸರೇ ಜಾಸ್ತಿ ಇದ್ದೀರಿ ಅಂತ ಕಾಣುತ್ತೆ.

ಸೋಮವಾರ ಅಂದರೆ ಒಗೆತದ ದಿನ. ಬೇಗ ಎದ್ದು ಹಂಡೆ ತುಂಬಿಸಿ ಕೆಳಗೆ ಬೆಂಕಿ. ಬಿಳಿ ಬಟ್ಟೆ ಕುದಿಸಬೇಕು. ಮರದ ತೊಟ್ಟಿಗೆ ಹಾಕಿ ಕಾಲುಗಳಿರುವ ಕೋಲಿನಿಂದ ಗಿರಗಿರ ತಿರುಗಿಸಬೇಕು. ಆ ಕೋಲಿಗೆ ಡಾಲಿ ಅಂತ ಹೆಸರು. ಆಮೇಲೆ ಜಾಲಿಸಿ, ನೀಲಿ ಹಾಕಿ, ಗಂಜಿ ಹಾಕಿ, ಎರಡು ಮರದ ಉರುಳೆಗಳ ನಡುವೆ ಕೊಟ್ಟು ಹಿಂಡಬೇಕು. ಆಮೇಲೆ ಇಸ್ತ್ರಿ. ನೀಲಿ, ಗಂಜಿ ನಮ್ಮ ಅಜ್ಜಿಯೂ ಹಾಕುತ್ತಿದ್ದಳು, ಅದಕ್ಕೇ ನನಗೆ ಈ ಹೆಸರು.

ಸೋಮವಾರ ಅಡುಗೆಗೆ ಪುರುಸೊತ್ತಿಲ್ಲ, ಹಾಗಾಗಿ ಭಾನುವಾರದ ಉಳಿದ ಮಾಂಸವನ್ನೇ ತಣ್ಣಗೆ ತಿನ್ನುವುದು. ಹಿತ್ತಲಿಲ್ಲದ ಲೀಡ್ಸ್‌ನಲ್ಲಿ ಒಣಹಾಕಲು ರಸ್ತೆಗೆ ಅಡ್ಡ ಹಗ್ಗ, ಈ ಮನೆಯಿಂದ ಎದುರು ಮನೆಗೆ. ಲಲಿತಾ, ನಿಮ್ಮ ಮನೆ ಗೋಡೆಯಲ್ಲಿ ಕೊಕ್ಕೆ ಇದೆಯಾ ನೋಡಿ. ಇನ್ನೂ ಒಂದು, 1853ರವರೆಗೆ ಸೋಪಿಗೂ ತೆರಿಗೆ ಇತ್ತು. ಬಡವರು ಕೊಳಕು ಅಂತ ಬೈಯುತ್ತಿದ್ದವರು ಮೊದಲು ಅದನ್ನು ತೆಗೆಯಬೇಕಿತ್ತು.

ಲೀಡ್ಸ್_ಲಲಿತೆ:
ಕೊಕ್ಕೆ ಇದೆ!! ಬಾಗಿಲ ಮೇಲ್ಗಡೆ, ತುಕ್ಕು ಹಿಡಿದಿದೆ. ಎದುರು ಮನೆಗೂ ಇದೆ. ನಾನು ಹೂವಿನ ಬುಟ್ಟಿ ನೇತುಹಾಕಲು ಅಂದುಕೊಂಡಿದ್ದೆ.

ರಾಯಚೂರು_ರಗಡ್:
ಎಲ್ಲ ಚೆನ್ನಾಗಿದೆ. ಆದರೆ ಆ ಬಂಗಲೆ, ಪಿಯಾನೊ, ರೇಷ್ಮೆ ಎಲ್ಲಿಂದ ಬಂತು? ನಮ್ಮಿಂದ. 1876–78ರ ಬರದಲ್ಲಿ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷಕ್ಕಿಳಿದರು. ಅದೇ ಹೊತ್ತಿಗೆ ಇಂಡಿಯಾದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅವರ ಬಡವರಿಗೆ ನಾನು ಯಾಕೆ ಅಳಲಿ?

ಹುಬ್ಬಳ್ಳಿ_ಹತ್ತಿ:
ರಗಡ್ ಅಣ್ಣಾ, ನಿಮ್ಮ ಸಿಟ್ಟು ಖರೆ ಐತಿ. ಆದರೆ ಲೂಟಿ ಹೊಡೆದ ದುಡ್ಡು ಆ ನೆಲಮಾಳಿಗೆಗೆ ಇಳಿಯಲಿಲ್ಲ. ಹತ್ತಿಯ ಕಥೆ ನೋಡಿ. ಧಾರವಾಡ, ಗದಗ ಕಡೆ 1840ರ ದಶಕದಲ್ಲೇ ಅಮೆರಿಕದ ಹತ್ತಿ ತಳಿ ತಂದು ಬೆಳೆಸಿದ್ದರು, ಮ್ಯಾಂಚೆಸ್ಟರ್ ಗಿರಣಿಗಳಿಗಾಗಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ನಮ್ಮ ಕಡೆ ಹತ್ತಿ ರೇಟು ಮುಗಿಲಿಗೆ. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್‌ನಲ್ಲಿ ಗಿರಣಿ ಬಂದ್. ಅಲ್ಲಿನ ನೇಕಾರರು ಮೊದಲು ಗಡಿಯಾರ ಗಿರವಿ ಇಟ್ಟರು, ಆಮೇಲೆ ಕುರ್ಚಿ, ಆಮೇಲೆ ಹಾಸಿಗೆ. ಕಡೆಗೆ ಧರ್ಮದ ಗಂಜಿಗೆ ಸಾಲು ನಿಂತರು. ಗಿರಣಿ ಹುಡುಗಿಯರನ್ನು ಹೊಲಿಗೆ ಶಾಲೆಯಲ್ಲಿ ಕೂರಿಸಿ ಕೂಲಿ ಕೊಟ್ಟರು. ಯುದ್ಧ ಮುಗಿದ ಮೇಲೆ ಇಲ್ಲಿ ರೇಟು ಬಿದ್ದು ನಮ್ಮ ರೈತರೂ ಸಾಲಕ್ಕೆ ಬಿದ್ದರು. ಎರಡೂ ಕಡೆ ಹೊಡೆತ ತಿಂದವರು ಒಂದೇ ಥರದ ಮಂದಿ.

ರಾಯಚೂರು_ರಗಡ್:
ಒಂದೇ ಥರ ಅಲ್ಲ. ಅವರಿಗೆ ಹೊಲಿಗೆ ಶಾಲೆ ಸಿಕ್ಕಿತು, ನಮಗೆ ಏನು ಸಿಕ್ಕಿತು?

ಹುಬ್ಬಳ್ಳಿ_ಹತ್ತಿ:
ಅದು ಒಪ್ಪುವ ಮಾತೇ.

ಅಂಕಿ_ಸಂಖ್ಯೆ:
ಅವರಿಗೂ ಬಿಟ್ಟಿ ಏನೂ ಸಿಗುತ್ತಿರಲಿಲ್ಲ. 1834ರ ಬಡವರ ಕಾಯ್ದೆ ಬಂದ ಮೇಲೆ ನೆರವು ಬೇಕಾದರೆ ಬಡವರನ್ನು ಇರಿಸಿ ದುಡಿಸುವ ವರ್ಕ್‌ಹೌಸ್ ಸೇರಿ ಎಂದರು. ಒಳಗೆ ಹೋದ ತಕ್ಷಣ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹಳೇ ಹಡಗಿನ ಹಗ್ಗ ಬಿಡಿಸಿ ನಾರು ಮಾಡುವುದು ಕೆಲಸ. ಅಲ್ಲಿಗೆ ಹೋಗಬಾರದು ಅಂತಲೇ ಜನ ಏನು ಬೇಕಾದರೂ ಮಾಡುತ್ತಿದ್ದರು.

ಏನು ಬೇಕಾದರೂ ಅಂದರೆ, ಬೆಂಕಿಪೆಟ್ಟಿಗೆ ಕೆಲಸ ನೋಡಿ. ಲಂಡನ್ನಿನ ಪೂರ್ವ ಭಾಗದಲ್ಲಿ ತಾಯಿ, ಮಕ್ಕಳು ಮನೆಯಲ್ಲೇ ಕೂತು ಖಾಲಿ ಪೆಟ್ಟಿಗೆ ಮಡಚಿ ಅಂಟಿಸುತ್ತಿದ್ದರು. 144 ಪೆಟ್ಟಿಗೆಗೆ ಎರಡೂಕಾಲು ಪೆನ್ನಿ. ಅಂಟು, ದಾರ ಅವರದೇ ಖರ್ಚು. ಒಂದು ಕೋಣೆಗೆ ಬಾಡಿಗೆ ವಾರಕ್ಕೆ ಹತ್ತಿರಹತ್ತಿರ 4 ಶಿಲಿಂಗ್, ಅಂದರೆ 48 ಪೆನ್ನಿ. ನಾನೀಗ ಕ್ಯಾಲ್ಕುಲೇಟರ್ ಒತ್ತಿದೆ. ಬಾಡಿಗೆ ಒಂದಕ್ಕೇ 3072 ಪೆಟ್ಟಿಗೆ. ಊಟದ ಮಾತು ಆಮೇಲೆ. ಮಾಡಿದ ಪೆಟ್ಟಿಗೆ ಒಣಗಲು ಮಂಚ, ನೆಲ ಎಲ್ಲ ಹರಡಬೇಕು. ಅವು ಒಣಗುವವರೆಗೆ ಮಲಗುವುದೆಲ್ಲಿ?

ರಾಯಚೂರು_ರಗಡ್:
3072... ಸರಿ ಮಾರಾಯ. ಸಿಟ್ಟು ಇಳಿಯಲಿಲ್ಲ, ಆದರೆ ಈ ಲೆಕ್ಕ ಗೊತ್ತಿರಲಿಲ್ಲ.

ರಸಾಯನ_ಮೇಷ್ಟ್ರು:
ಸಿರಿವಂತರ ಮನೆ ಒಳಗೇನೂ ಸುಖವಾಗಿರಲಿಲ್ಲ. ಆಗ ಹಸಿರು ಬಣ್ಣದ ಗೋಡೆ ಕಾಗದಕ್ಕೆ ಭಾರೀ ಬೇಡಿಕೆ. ಆ ಹಸಿರು ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಮಾಡಿದ್ದು, ಅಂದರೆ ಪಾಷಾಣ! ಗೋಡೆ ಥಂಡಿ ಹಿಡಿದರೆ ವಿಷ ಗಾಳಿಗೆ ಬರುತ್ತದೆ. ಅಗ್ಗದ ಕಾಗದ ಬಂದ ಮೇಲೆ ಸಣ್ಣ ಮನೆಗಳಿಗೂ ಬಂತು. 1862ರಲ್ಲಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಒಂದೇ ಮನೆಯ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸತ್ತಾಗ ವೈದ್ಯರು ಹಸಿರು ಕಾಗದದ ಮೇಲೆ ಸಂಶಯ ಪಟ್ಟರು. ಹೂಬಳ್ಳಿಗಳ ಕಾಗದಕ್ಕೆ ಹೆಸರಾದ ವಿಲಿಯಂ ಮಾರಿಸ್ ಇದ್ದನಲ್ಲ, ಅವನ ಮನೆತನದ ದುಡ್ಡು ಬಂದದ್ದೂ ತಾಮ್ರ, ಆರ್ಸೆನಿಕ್ ತೆಗೆಯುವ ಗಣಿಯಿಂದಲೇ.

ಲಲಿತಾ ಅವರೇ, ನಿಮ್ಮ ಪಕ್ಕದ ಬ್ರಾಡ್‌ಫರ್ಡ್‌ನಲ್ಲಿ 1858ರಲ್ಲಿ ಇನ್ನೊಂದು ಅನಾಹುತ. ಸಕ್ಕರೆ ದುಬಾರಿ ಅಂತ ಪೆಪ್ಪರ್‌ಮಿಂಟಿಗೆ ಜಿಪ್ಸಮ್ ಪುಡಿ ಬೆರೆಸುವುದು ಮಾಮೂಲಾಗಿತ್ತು. ಪುಡಿ ತರಲು ಕಳಿಸಿದಾಗ ಅಂಗಡಿಯಲ್ಲಿ ತಪ್ಪಿ ಆರ್ಸೆನಿಕ್ ತೂಗಿ ಕೊಟ್ಟರು. ಸುಮಾರು 20 ಜನ ಸತ್ತರು, ಇನ್ನೂರಕ್ಕೂ ಜಾಸ್ತಿ ಜನ ಹಾಸಿಗೆ ಹಿಡಿದರು. ಬ್ರೆಡ್ ಬೆಳ್ಳಗೆ ಕಾಣಲಿ ಅಂತ ಪಟಿಕ ಬೆರೆಸುವುದಂತೂ ಎಲ್ಲ ಕಡೆ. ಕಲಬೆರಕೆ ತಡೆಯಲು ಹಲ್ಲಿರುವ ಕಾನೂನು ಬಂದದ್ದು 1875ರಲ್ಲಿ.

ಸುಮ್ನೆ_ಓದೋನು:
ಮೇಷ್ಟ್ರೇ, ಪಿಯಾನೊ ಕಾಲು ಕಂಡರೆ ಅಶ್ಲೀಲ ಅಂತ ಬಟ್ಟೆ ಸುತ್ತುತ್ತಿದ್ದರಂತಲ್ಲ, ನಿಜವಾ?

ಪುಸ್ತಕಹುಳು:
ಕಟ್ಟುಕಥೆ. ಒಬ್ಬ ಇಂಗ್ಲಿಷ್ ಪ್ರವಾಸಿ ಅಮೆರಿಕಕ್ಕೆ ಹೋಗಿ ಬಂದು, ಅಲ್ಲಿನವರು ಹೀಗೆ ಮಾಡುತ್ತಾರೆ ಎಂದು ಆಡಿಕೊಂಡು 1839ರಲ್ಲಿ ಬರೆದದ್ದು. ಆಮೇಲೆ ಅದು ತಿರುಗಿ ಇಂಗ್ಲಿಷರ ಕೊರಳಿಗೇ ಬಿತ್ತು. ಬಟ್ಟೆ ಹೊದಿಸುತ್ತಿದ್ದರೆ ಅದು ಧೂಳಿಗೆ, ಗೀರು ಬೀಳದಿರಲಿ ಅಂತ. ನಮ್ಮಲ್ಲಿ ರಿಮೋಟಿಗೆ ಪ್ಲಾಸ್ಟಿಕ್ ಸುತ್ತುವುದಿಲ್ಲವಾ, ಹಾಗೆ.

ಕೊಡಗಿನ_ಕರಿಮೆಣಸು:
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಹೇಳಲೇಬೇಕು. ಆ ಕಾಲದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ನಮ್ಮ ಕೊಡಗಿನ ಹುಡುಗಿಯೊಬ್ಬಳು ಬೆಳೆದಳು. ಕಡೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. 1834ರಲ್ಲಿ ರಾಜ್ಯ ಹೋದ ಮೇಲೆ ಅರಸ ಕಾಶಿಯಲ್ಲಿದ್ದ. 1852ರಲ್ಲಿ ಕಂಪನಿಯಿಂದ ಬರಬೇಕಾದ ದುಡ್ಡಿಗಾಗಿ ಲಂಡನ್ನಿಗೆ ಹೋದ, ಹನ್ನೊಂದರ ಮಗಳನ್ನೂ ಕರೆದುಕೊಂಡು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ (ಗಾಡ್‌ಮದರ್), ತನ್ನ ಹೆಸರನ್ನೇ ಕೊಟ್ಟಳು. ಇಂಗ್ಲಿಷ್ ಸಂಸಾರಗಳಲ್ಲಿ ಬೆಳೆದಳು. 1860ರಲ್ಲಿ ಕ್ಯಾಂಬೆಲ್ ಎಂಬ ಸೈನ್ಯಾಧಿಕಾರಿಯ ಜೊತೆ ಮದುವೆ, ಒಂದು ಹೆಣ್ಣು ಮಗು. 1864ರಲ್ಲಿ ಇಪ್ಪತ್ತಮೂರು ತುಂಬುವ ಮೊದಲೇ ಹೋದಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್‌ನಲ್ಲಿದೆ. ಬೆಚ್ಚಗಿನ ಮನೆ, ರೇಷ್ಮೆ ಗೌನು, ಎಲ್ಲ ಇತ್ತು. ಕೊಡವ ತಕ್ಕ್ ಮಾತಾಡಲು ಒಬ್ಬರಾದರೂ ಸಿಗುತ್ತಿದ್ದರಾ ಅಂತ ಯೋಚಿಸುತ್ತೇನೆ.

ಶಾರದಮ್ಮ_ಬಸವನಗುಡಿ:
ಪಾಪ ಮಗು.

ಹ್ಯಾಕ್ನಿ_ಹೇಮಾ:
ಇನ್ನೊಂದು ಬಗೆಯ ನಮ್ಮವರೂ ಇದ್ದರು, ಆಯಾಗಳು. ಇಂಡಿಯಾದಿಂದ ಮರಳುವ ದೊರೆಸಾನಿಯರು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕರೆತರುತ್ತಿದ್ದರು. ತಿರುಗಿ ಹೋಗಲು ಟಿಕೆಟ್ ಕೊಡುತ್ತೇವೆ ಅಂದು ಕೆಲವರು ಇಳಿದ ಮೇಲೆ ಕೈಬಿಡುತ್ತಿದ್ದರು. ಅಂಥವರಿಗಾಗಿ ಲಂಡನ್ನಿನ ಆಲ್ಡ್‌ಗೇಟ್‌ನಲ್ಲಿ ಒಂದು ಆಯಾ ಮನೆ ಇತ್ತು, 1900ರಲ್ಲಿ ನಮ್ಮ ಹ್ಯಾಕ್ನಿಗೆ ಬಂತು. ಕಿಂಗ್ ಎಡ್ವರ್ಡ್ಸ್ ರೋಡಿನಲ್ಲಿ ಆ ಕಟ್ಟಡ ಇನ್ನೂ ಇದೆ. 2022ರಲ್ಲಿ ಅದಕ್ಕೆ ಇತಿಹಾಸದ ಜಾಗ ಎಂದು ಗುರುತಿಸುವ ನೀಲಿ ಫಲಕ ಹಾಕಿದರು. ನಾನು ದಿನಾ ಅದೇ ದಾರಿಯಲ್ಲಿ ಬಸ್ಸಿಗೆ ಹೋಗುತ್ತೇನೆ.

ಲೀಡ್ಸ್_ಲಲಿತೆ:
ಇಷ್ಟೆಲ್ಲ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಸಂಜೆ ಎದುರು ಮನೆ ಅಜ್ಜಿಗೆ ಆ ಕೊಕ್ಕೆ ತೋರಿಸಿದೆ. ಅವರು ಚಿಕ್ಕವರಿದ್ದಾಗಲೂ ಸೋಮವಾರ ಹಗ್ಗ ಕಟ್ಟುತ್ತಿದ್ದರಂತೆ. ಕಲ್ಲಿದ್ದಲಿನ ಗಾಡಿ ಬಂದರೆ ಇಡೀ ಬೀದಿಯ ಹೆಂಗಸರು ಬೈಯುತ್ತಾ ಬಟ್ಟೆ ಎತ್ತಿ ಹಿಡಿಯುತ್ತಿದ್ದರಂತೆ. ಕಸದ ಡಬ್ಬಿ ಅಂಗಳದ ಬಗ್ಗೆ ಕೇಳಿದೆ. "ಚಳಿಗಾಲದ ರಾತ್ರಿ ದೀಪ ಹಿಡಿದು ಹೋಗುವುದು ನೆನೆಸಿಕೊಂಡರೆ ಈಗಲೂ ನಡುಕ" ಅಂದರು.

ಹಗ್ಗ ಕಟ್ಟೋಣವಾ ಅಂತ ಕೇಳಿದೆ. "ಮಳೆ ನಿಲ್ಲಲಿ" ಅಂದರು. ಲೀಡ್ಸ್‌ನಲ್ಲಿ ಅದು ಯಾವಾಗಲೋ.

ನೀಲಿ_ಗಂಜಿ:
ಕಟ್ಟಿದರೆ ಫೋಟೋ ಹಾಕಿ. ಒಂದು ಸೀರೆ ಒಣಹಾಕಿ, ಬೀದಿ ತುಂಬುತ್ತೆ.

ಮಾಲೂರು_ಮಂಜು:
ಎಲ್ಲ ಸರಿ, ದೋಸೆ ಹಿಟ್ಟು ಏನಾಯ್ತು?

ಲೀಡ್ಸ್_ಲಲಿತೆ:
ಇನ್ನೂ ಚಪ್ಪಡಿ ಮೇಲೇ ಇದೆ 😭

ಬರ್ಮಿಂಗ್‌ಹ್ಯಾಮ್_ಬಿಸಿಬೇಳೆ:
ಓವನ್ ಒಳಗೆ ಬರೀ ದೀಪ ಹಾಕಿ ರಾತ್ರಿ ಇಡಿ. ಬೆಳಗ್ಗೆಗೆ ಪಾತ್ರೆಯಿಂದ ಹೊರಗೆ ಬಂದಿರುತ್ತೆ. ಕೆಳಗೆ ಒಂದು ತಟ್ಟೆ ಇಡುವುದು ಮರೆಯಬೇಡಿ.